ಚಂದಪ್ಪ ಬಾಯಿ ಬಿಡೋತನಕ

ಚಂದಪ್ಪ ನಾಟಕ ಮಾಡಾಕತ್ತಾನ ಅಂತ ಮಣ್ಣೂರಾಗ ಮೊದಲು ಅಂದಾಕಿ ಬ್ಯಾರೆ ಯಾರೂ ಅಲ್ಲ, ಅವನ ಹೆಂಡ್ತಿ ನಿಂಬೆವ್ವ. ಅಂದದ್ದರೆ ಎಲ್ಲಿ, ಮನ್ಯಾಗ ಒಲಿ ಮುಂದ ಕುಂತಲ್ಲ. ಭೀಮಾ ಹೊಳಿದಂಡ್ಯಾಗ, ಊರ ಹೆಂಗಸರೆಲ್ಲ ಕೊಡ ತುಂಬಕೊಂಡು ನಿಂತ ಹೊತ್ತಿನ್ಯಾಗ. ಒಬ್ಬರ ಕಿವ್ಯಾಗ ಬಿದ್ದ ಮಾತಾದ್ರ ಕೈ ಹಿಡದು ಕಾಲ ಹಿಡದು ತಡಿಬಹುದು. ಇಪ್ಪತ್ತು ಕೊಡದ ಜೋಡಿ ಊರು ಹೊಕ್ಕ ಮಾತು ಯಾರು ತಡಿಬೇಕು? ಮಧ್ಯಾಹ್ನ ಆಗೂದ್ರಾಗ ಹಿಟ್ಟಿನ ಗಿರಣಿ ಮುಂದ, ಕಟ್ಟಿ ಮ್ಯಾಲ, ಎಲ್ಲಾ ಕಡಿ ಅದೇ ಮಾತು ಆಗಿತ್ತು.

ಚಂದಪ್ಪಂದು ಆಗ ನಲವತ್ತೆರಡು ವಯಸ್ಸು. ದೊಡ್ಡ ಲಡಾಯಿ ಎರಡನೇ ಸಲ ಸುರುವಾಗಿ ಒಂದು ವರ್ಷ ಆಗಿತ್ತು. ಆದರ ಹೊಸಬರು ಯಾರರೆ ಅವನ್ನ ನೋಡಿದ್ರ ಅರವತ್ತೈದರ ಮುದುಕ ಅಂತಿದ್ರು. ಬೆನ್ನು ಬಾಗಿತ್ತು. ನಡಿಗಿ ಸಣ್ಣ ಸಣ್ಣ ಹೆಜ್ಜಿಗೆ ಇಳಿದಿತ್ತು. ರೆಪ್ಪಿ ಬಡಿಯೋದು ಸುದ್ದಾ ಕಮ್ಮಿ ಆಗಿ, ಎದುರಿಗೆ ಬಂದವರ ಮಾರಿ ದಿಟ್ಟಿಸಿ ನೋಡ್ತಾನಂತ ಮಂದಿಗೆ ಸಿಟ್ಟು ಬರ್ತಿತ್ತು. ಅಣ್ಣ ಬೀರಣ್ಣ ಅವನಕಿಂತ ಆರು ವರ್ಷ ದೊಡ್ಡಾಂವ. ಇಬ್ರೂ ಕಟ್ಟಿ ಮ್ಯಾಲ ಕುಂತ್ರ ಅಣ್ಣನೇ ಮಗನಂಗ ಕಾಣ್ತಿದ್ದ.

ಇದು ಒಮ್ಮೆಲೆ ಬಂದದ್ದಲ್ಲ. ನಾಕು ವರ್ಷದ ಹಿಂದ ಬಲಗೈ ಹೆಬ್ಬೆರಳು ನಡಗಾಕ ಹತ್ತಿತು. ಆಮ್ಯಾಲ ಕುರಿ ಉಣ್ಣಿ ಕತ್ತರಸೂ ಕತ್ತರಿ ಕೈಯಾಗ ನಿಲ್ಲದಂಗ ಆತು. ಆಮ್ಯಾಲ ಹೊಸ್ತಿಲ ದಾಟಬೇಕಂದ್ರ ಹೊಸ್ತಿಲ ಮುಂದ ಗೂಟ ಬಡದಂಗ ನಿಲ್ಲಾಕ ಸುರು ಮಾಡಿದ. ಧೋತರ ಉಡಸೋದು ನಿಂಬೆವ್ವ, ಬಾಯಿ ಒರಸೋದು ನಿಂಬೆವ್ವ, ರೊಟ್ಟಿ ಮುರದು ಕೈಯಾಗ ಕೊಡೋದೂ ನಿಂಬೆವ್ವ. ಇಷ್ಟೆಲ್ಲ ಮಾಡಿ, "ಇನ್ನೊಂದು ರೊಟ್ಟಿ ಹಾಕಲೇನ್ರಿ?" ಅಂತ ಕೇಳಿದ್ರ ಮಾತಿಲ್ಲ, ಕತಿ ಇಲ್ಲ. ಆಕಿ ಒಂದು ಗಳಿಗಿ ನೋಡಿ ಬುಟ್ಟಿ ಎತ್ತಿಟ್ಟು ಆಡು ಹಿಂಡಾಕ ಹೋಗ್ತಿದ್ಲು. ಹಿಂಡಕೊಂಡು ಬರೂದ್ರಾಗ ಅಂವ ಖಾಲಿ ಗ್ವಾಡಿ ನೋಡ್ಕೋತ "ಹೂಂ" ಅಂತಿದ್ದ. ಇದು ಬೇಕಂತಲೇ ಮಾಡೋ ಹಟ ಅಂತ ಆಕಿಗೆ ಮೈಯೆಲ್ಲ ಉರೀತಿತ್ತು.

ನಿಂಬೆವ್ವಗ ಬೈಯೋರು ಬೈರಿ, ನಾ ಬ್ಯಾಡ ಅನ್ನಂಗಿಲ್ಲ. ಆದರ ನಾಕು ವರ್ಷ ಆಕಿ ಜಾಗಾದಾಗ ನೀವು ನಿಂತು ನೋಡ್ರಿ, ಆಮ್ಯಾಲ ಬಾಯಿ ತಗೀರಿ.

ಆ ದಿನ ಶ್ರಾವಣ ಮಾಸ, ಹೊಳಿ ಕೆಂಪಗ ತುಂಬಿ ಹರೀತಿತ್ತು. ಚಂದಪ್ಪನ್ನ ದಂಡಿ ಮ್ಯಾಲಿನ ಕಲ್ಲಿನ ಮ್ಯಾಲ ಬಿಸಲಿಗೆ ಕೂಡ್ರಿಸಿ ನಿಂಬೆವ್ವ ನೀರಿಗೆ ಇಳಿದಿದ್ಲು. ಆ ಕಲ್ಲಿನ ಮ್ಯಾಲ ಕೂಡ್ರಸಾಕ ಇಬ್ಬರು ಹೆಂಗಸರು ರಟ್ಟಿ ಹಿಡೀಬೇಕಾಗಿತ್ತು. ಅಷ್ಟರಾಗ ಅವರ ಮನಿದೇ ಒಂದು ಮರಿ, ಇನ್ನೂ ಹಾಲು ಬಿಡದ್ದು, ಜಾರಿ ಹೊಳಿಗೆ ಬಿತ್ತು. ಎಲ್ಲಾರೂ ಅಯ್ಯಯ್ಯೋ ಅನ್ನೂದ್ರಾಗ ಚಂದಪ್ಪ ಎದ್ದ. ಎದ್ದ ಅಂದ್ರ ಹ್ಯಾಂಗ, ಹದಿನೆಂಟರ ಹುಡುಗ ಎದ್ದಂಗ. ನಾಕು ಹೆಜ್ಜಿ ಓಡಿ ಸೊಂಟದ ಮಟ ನೀರಿಗೆ ಹಾರಿ, ಮರಿ ಕಿವಿ ಹಿಡದು ಎಳಕೊಂಡು ದಂಡಿಗೆ ಬಂದ. ಬಂದು ಮರಿ ನೆಲಕ್ಕ ಬಿಟ್ಟು ಹಂಗ ನಿಂತುಬಿಟ್ಟ, ಕೈ ಚಾಚಿದ್ದು ಚಾಚಿದಂಗೇ.

ನಿಂಬೆವ್ವನ ಕೈಯಾಗಿನ ಕೊಡ ಜಾರಿತು. ಆಕಿಗೆ ಮರಿ ಉಳಿದದ್ದು ಕಾಣಲಿಲ್ಲ, ಗಂಡ ಮುಳುಗಲಿಲ್ಲ ಅನ್ನೋ ಸಮಾಧಾನನೂ ಆಗಲಿಲ್ಲ. ನಾಕು ವರ್ಷದ ಸಿಟ್ಟು ಒಂದೇ ಸಲ ನೆತ್ತಿಗೇರಿತು.

"ನೋಡ್ರವ್ವಾ, ನನ್ನ ಗಂಡನ ಆಟ ಕಣ್ಣಾರೆ ನೋಡ್ರಿ. ನಾ ನೀರು ಕೊಟ್ರ ಚರಗಿ ಹಿಡಿಯಾಕ ಕೈ ಏಳಂಗಿಲ್ಲ. ಕುರಿಮರಿ ಅಂದ್ರ ಹೊಳಿ ಹಾರತಾನ. ನಾಕು ವರ್ಷ ನಾಟಕ ಮಾಡಿ ನನ್ನ ಜೀವಾ ತಿಂದಾನ ಇಂವ."

ಚಂದಪ್ಪ ಅಲ್ಲೇ ನಿಂತಿದ್ದ. ಧೋತರದಿಂದ ನೀರು ಸೋರ್ತಿತ್ತು, ಮಾರಿ ಮ್ಯಾಲ ಏನೂ ಇದ್ದಿಲ್ಲ.

ಆ ಮಾತಿನ ಬಿಸಿ ನಿಂಬೆವ್ವಗ ತಟ್ಟಿದ್ದು ದಸರಾ ಮುಗದ ಮ್ಯಾಲ. ಅಣ್ತಮ್ಮರಿಬ್ಬರದೂ ಒಂದೇ ಒಲಿ, ಒಂದೇ ಕುರಿಹಿಂಡು. ವರ್ಷಾ ದೀಪಾವಳಿ ಆದಕೂಡ್ಲೆ ಒಬ್ಬರು ಹಿಂಡು ಹೊಡಕೊಂಡು ಹೊಳಿ ದಾಟಿ ಜೇವರ್ಗಿ ಕಡಿ ಹೋಗಬೇಕು. ಅಲ್ಲಿ ಕರಿ ಮಣ್ಣಿನ ಎರಿ ಹೊಲದವರು ಗೊಬ್ಬರದ ಸಲುವಾಗಿ ತಮ್ಮ ಹೊಲದಾಗ ಕುರಿ ಕೂಡ್ರಸ್ತಾರ. ನಾಕು ತಿಂಗಳು ಬಯಲಾಗ ಬದುಕು, ಮ್ಯಾಲ ಕಂಬಳಿ, ಸುತ್ತ ತೋಳದ ಕಾಟ, ದಿನಾ ಬೆಳಗಾದ್ರ ಹಟ್ಟಿ ಕಿತ್ತು ಬ್ಯಾರೆ ಹೊಲಕ್ಕ ಹಾಕಬೇಕು. ಈ ಸಲ ಪಾಳಿ ಚಂದಪ್ಪಂದು. ಎರಡು ವರ್ಷ ಅವನ ಪಾಳಿ ಬೀರಣ್ಣನ ಮಗ ಮಾಡಿದ್ದ.

ಬೀರಣ್ಣ ಉಣ್ಣಾಕ ಕುಂತಲ್ಲೇ ಹೇಳಿದ. "ಈ ಸಲ ಚಂದ್ಯಾನೇ ಹೋಗಲಿ. ಹೊಳಿ ಹಾರೋ ಮನಷ್ಯಾ ಹಟ್ಟಿ ಕಾಯಾಕ ಯಾಕ ಆಗಂಗಿಲ್ಲ? ಹೋಗಂಗಿಲ್ಲಂದ್ರ ಇಬ್ರೂ ಬ್ಯಾರೆ ಒಲಿ ಹೂಡ್ರಿ. ನಾಟಕದವರಿಗೆ ನನ್ನ ಮನ್ಯಾಗ ಅಂಬಲಿ ಇಲ್ಲ."

ಮುಂಜಾನಿ ಕಂಬಳಿ ಹೊದ್ದುಕೊಳ್ಳಾಕ ಬರಲಾರದ ಮನಷ್ಯಾ ಬಯಲಾಗ ಸಂಕ್ರಾಂತಿ ಕಾಣಂಗಿಲ್ಲ ಅನ್ನೋದು ನಿಂಬೆವ್ವಗ ಗೊತ್ತಿತ್ತು. ನೆಗೆಣ್ಣಿ, ಬೀರಣ್ಣನ ಹೆಂಡ್ತಿ ಬಾಳಮ್ಮನ ಕಡಿ ತಿರುಗಿ, "ಅಕ್ಕಾ, ನೀ ಅರೆ ಹೇಳು ಬಾವಗ. ಅವರಿಗೆ ಧೋತರ ಉಟಗೊಳಾಕ ಬರಂಗಿಲ್ಲ," ಅಂದ್ಲು.

ಬಾಳಮ್ಮ ರೊಟ್ಟಿ ತಿರುವಿ ಹಾಕಿ ಅಂದ್ಲು, "ನಾಟಕ ಅಂತ ನೀನೇ ಅಂದಿಯಲ್ಲ ಬೇ. ನಾ ಏನು ಹೇಳಲಿ?"

ಜಗಳ ಮಾಳಿಂಗಜ್ಜನ ತನಕ ಹೋತು. ಮಾಳಿಂಗಪ್ಪ ಬೀರಪ್ಪನ ಗುಡಿ ಪೂಜಾರಿ, ಎಂಬತ್ತರ ಹತ್ರದ ಮುದುಕ. ಅವರ ಮಂದ್ಯಾಗ ಏನೇ ತಂಟಿ ಬಂದ್ರೂ ದೈವ ಕೂಡೋದು, ಅಂದ್ರ ಹಿರ್ಯಾರೆಲ್ಲ ಸೇರಿ ತೀರ್ಮಾನ ಮಾಡೋದು, ಅವನ ಮುಂದ. ಅಂವ ಎರಡೂ ಕಡಿ ಕೇಳಿ, "ದೀಪಾವಳಿ ಪಾಡ್ಯಾ ದಿನ ಚಂದಪ್ಪನ್ನ ಗುಡಿಗೆ ಕರಕೊಂಡು ಬರ್ರಿ. ದೇವರ ಅರಿಷಿಣದ ಭಂಡಾರ ಮುಟ್ಟಿ ಅವನೇ ಹೇಳಲಿ," ಅಂದ.

ಇನ್ನ ಇಪ್ಪತ್ತು ದಿನ ಉಳಿದಿತ್ತು. ನಿಂಬೆವ್ವಗ ದೊಡ್ಡ ತ್ರಾಸು ಏನಂದ್ರ, ಗಂಡ ಖರೇ ಬ್ಯಾನ್ಯಾಗ ಅದಾನೋ ನಾಟಕ ಮಾಡ್ತಾನೋ ಆಕಿಗೇ ತಿಳಿತಿದ್ದಿಲ್ಲ. ಅವನ್ನ ಉಣಸಾಕ ಕುಂತಾಗ ಬ್ಯಾನಿ ಅನಸ್ತಿತ್ತು. ಹೊಳಿ ನೆನಪಾದ್ರ ನಾಟಕ ಅನಸ್ತಿತ್ತು. ಏನರೆ ಗಾಳಿ ಹೊಕ್ಕಿದ್ರ ಬಿಟ್ಟು ಹೋಗಲಿ ಅಂತ ಸೀಗಿ ಹುಣ್ಣಿವಿಗೆ ಗಾಣಗಾಪುರಕ್ಕ ಹೊಂಟಿದ್ದ ಊರವರ ಬಂಡ್ಯಾಗ ಅವನ್ನ ಹಾಕ್ಕೊಂಡು ಆಕಿನೂ ಹೋದ್ಲು. ಎರಡು ದಿನದ ಹಾದಿ.

ಅಲ್ಲಿ ಎರಡು ಹೊಳಿ ಕೂಡೋ ಸಂಗಮದ ಪಾವಟಿಗಿ ಇಳಿಯೋ ಹೊತ್ತಿಗೆ ಚಂದಪ್ಪ ನಡುವ ನಿಂತುಬಿಟ್ಟ. ಹಿಂದಿನ ಮಂದಿ ಬೈಯಾಕ ಹತ್ತಿದ್ರು. ನಿಂಬೆವ್ವ ರಟ್ಟಿ ಹಿಡದು ಜಗ್ಗಿದ್ಲು, ಜಗ್ಗಿದಷ್ಟೂ ಅಂವ ಗಟ್ಟಿ ಆದ.

"ಎಳಿಬ್ಯಾಡಮ್ಮಾ. ಬಿಡು, ಅವರನ್ನ ಬಿಡು."

ಹಂಗ ಅಂದಾಂವ ಸರ್ಕಾರಿ ದವಾಖಾನಿ ಡಾಕ್ಟರ್ ಜಹೀರುದ್ದೀನ. ಹುಣ್ಣಿವಿ ಮಂದಿಗೆ ವಾಂತಿಭೇದಿ ಬರಬಾರದಂತ ಸೂಜಿ ಚುಚ್ಚಾಕ ಬಂದು ದಂಡಿ ಮ್ಯಾಲ ಮೇಜು ಹಾಕ್ಕೊಂಡು ಕುಂತಿದ್ದ. ತಲಿ ಮ್ಯಾಲ ಕೆಂಪು ಟೊಪಿಗಿ, ಅಂಗಿ ತೋಳು ಮಡಚಿತ್ತು. ಸೂಜಿಗೆ ನಿಂತ ಮಂದಿನ್ನ ಹಂಗೇ ಬಿಟ್ಟು ಬಂದಿದ್ದ. ಚಂದಪ್ಪನ ಮಾರಿ ನೋಡಿದ, ಕೈ ಹಿಡದು ಮಡಚಿ ನೋಡಿದ, ಕಣ್ಣು ನೋಡಿದ. ನೋಡ್ತಾ ನೋಡ್ತಾ ಅವನ ಮಾರಿ ಮ್ಯಾಲ ಬಂದ ಹುರುಪು ಕಂಡು ನಿಂಬೆವ್ವಗ ಸಿಟ್ಟು ಬಂತು. ನಾವು ಸಾಯಾಕತ್ತೇವಿ, ಇವಗ ಜಾತ್ರಿ ಕಂಡಂಗ ಆಗೇದ ಅನಿಸ್ತು.

"ಅಮ್ಮಾ, ಒಂದು ಮಾತು ಖರೇ ಹೇಳು. ಮಾನಮೋಡಿ ಬ್ಯಾನಿ ಬಂದಿತ್ತಲ್ಲ, ಆ ವರ್ಷ ಇವರಿಗೆ ಏನರೆ ಆಗಿತ್ತೇನು?"

ಮಾನಮೋಡಿ ಅನ್ನೋ ಹೆಸರು ಕೇಳಿ ನಿಂಬೆವ್ವ ಹಿಡದ ರಟ್ಟಿ ಬಿಟ್ಲು. ಇಪ್ಪತ್ತೆರಡು ವರ್ಷ ಆ ಹೆಸರು ಅವರ ಮನ್ಯಾಗ ಯಾರೂ ತಗದಿದ್ದಿಲ್ಲ. ಮೊದಲ ಲಡಾಯಿ ಮುಗಿಯೋ ವರ್ಷ ಬಂದ ಜ್ವರ ಅದು. ನಿಂಬೆವ್ವಗ ಹದಿಮೂರು, ಗಂಡನ ಮನಿಗೆ ಬಂದು ಎರಡು ತಿಂಗಳು. ಮುಂಜಾನಿ ಕೆಮ್ಮಿದಾಂವ ಮರುದಿನ ಸಂಜೀಕ ಇರ್ತಿದ್ದಿಲ್ಲ. ಕುಣಿ ತೋಡಾಕ ಮಂದಿ ಸಿಗಲಿಲ್ಲ. ಅತ್ತಿ ಹೋದ್ಲು. ಬಾಳಮ್ಮನ ಚೊಚ್ಚಲ ಮಗ, ಎಂಟು ತಿಂಗಳ ಕೂಸು, ತಾಯಿ ತೊಡಿ ಮ್ಯಾಲೇ ಹೋತು. ಚಂದಪ್ಪ ಮಾತ್ರ ಸಾಯಲಿಲ್ಲ. ನಿದ್ದಿ ಹೋದ. ಒಂದು ದಿನ ಅಲ್ಲ, ಎರಡು ದಿನ ಅಲ್ಲ, ನಲವತ್ತು ದಿನ. ಅಲುಗಾಡಿಸಿದ್ರ ಅರ್ಧ ಕಣ್ಣು ತಗೀತಿದ್ದ, ಬಾಯಾಗ ಗಂಜಿ ಬಿಟ್ರ ನುಂಗ್ತಿದ್ದ, ಮತ್ತ ನಿದ್ದಿ. ಆ ಗಂಜಿ ಬಿಟ್ಟಾಕಿ ನಿಂಬೆವ್ವ. ನಲವತ್ತೊಂದನೇ ದಿನ ಎದ್ದು ಕುಂತು ರೊಟ್ಟಿ ಕೇಳಿದ. ತಿಂಗಳೊಪ್ಪತ್ತಿನ್ಯಾಗ ಮೊದಲಿನಂಗ ಕುರಿ ಹಿಂದ ಹೋದ. ಬ್ಯಾನಿ ಗೆದ್ದು ಬಂದ ಅಂತ ಊರೆಲ್ಲ ಅಂತು.

ಆಕಿ ಹೇಳಿದ್ದೆಲ್ಲಾ ಕೇಳಿ ಡಾಕ್ಟರ್ ಪಾವಟಿಗಿ ಮ್ಯಾಲೇ ಕುಂತ. "ಇಂಥಾ ನಾಕು ಮಂದಿನ್ನ ಹೈದರಾಬಾದನ್ಯಾಗ ನೋಡೇನಿ," ಅಂದ.

"ಅಂದಿನ ಜ್ವರ ಇಂದ ಹ್ಯಾಂಗ ಬರ್ತದ್ರಿ ಸಾಹೇಬ್ರ?"

"ಜ್ವರ ಬಂದಿಲ್ಲ. ಜ್ವರ ಹೋಗೋ ಮುಂದ ತಲಿ ಒಳಗ ಕೆಡಸಿ ಹೋದದ್ದು ಈಗ ಕಾಣಾಕತ್ತದ. ಮನಿ ತೊಲಿಗೆ ಗೆದ್ದಲ ಹತ್ತಿರ್ತದ ನೋಡು, ಮ್ಯಾಲಿಂದ ಗಟ್ಟಿನೇ ಕಾಣ್ತದ. ಹತ್ತು ವರ್ಷ, ಇಪ್ಪತ್ತು ವರ್ಷ ಮನಿ ಹೊತ್ತು ನಿಂತಿರ್ತದ. ವಯಸ್ಸಿನ ಭಾರ ಬಿದ್ದಾಗ ಬಾಗ್ತದ. ಉಳಿದವರಿಗೆ ಎಪ್ಪತ್ತಕ್ಕ ಬರೋ ಮುಪ್ಪು ಇವರಿಗೆ ನಲವತ್ತಕ್ಕ ಬಂತು. ಅದೇ ಜ್ವರದ ಕೆಲಸೋ, ಅದರ ಜೋಡಿ ಬಂದ ಬ್ಯಾರೆ ಜ್ವರದ್ದೋ, ದೊಡ್ಡ ದೊಡ್ಡ ಡಾಕ್ಟರ್ರೇ ಇನ್ನೂ ಜಗಳಾಡಾಕತ್ತಾರ. ನಾ ಖಾತ್ರಿ ಹೇಳಂಗಿಲ್ಲ. ನಾ ನೋಡಿದ್ದು ಹೇಳಿದೆ."

ನಿಂಬೆವ್ವ ಕೇಳಬೇಕಂದದ್ದು ಅದಲ್ಲ. ಹೊಳಿ ಕತಿ ಹೇಳಿದ್ಲು, ಮರಿ ಕತಿ ಹೇಳಿದ್ಲು. "ಹಂಗಾರ ಅದು ಹ್ಯಾಂಗ ಓಡಿದ್ರು?"

"ಅದನ್ನೂ ನೋಡೇನಿ. ಒಬ್ಬಾಕಿ ಹೆಣ್ಮಗಳು, ವರ್ಷಗಟ್ಲೆ ಹಾಸಗಿ ಬಿಟ್ಟು ಎದ್ದಾಕಿ ಅಲ್ಲ. ಮೊಮ್ಮಗನ ಅಂಗಿಗೆ ಬೆಂಕಿ ಹತ್ತಿದಾಗ ಓಡಿ ಹೋಗಿ ಆರಿಸಿದ್ಲು. ಆರಿಸಿ ಅಲ್ಲೇ ಕಂಬದಂಗ ನಿಂತ್ಲು. ತಾನಾಗಿ ಕೈ ಎತ್ತಬೇಕಂದ್ರ ಆಗಂಗಿಲ್ಲ. ಹೊರಗಿಂದ ಏನರೆ ದಢಕ್ಕನೆ ಎಬ್ಬಿಸಿದ್ರ ಮೈ ಏಳ್ತದ. ಯಾಕ ಅಂತ ನಮಗೂ ಪೂರಾ ತಿಳಿದಿಲ್ಲ. ಆದರ ನಾಟಕ ಅಲ್ಲಮ್ಮಾ."

"ಮತ್ತ ಬುದ್ಧಿ?"

ಡಾಕ್ಟರ್ ಚಂದಪ್ಪನ ಮುಂದ ಬಗ್ಗಿ, "ಯಜಮಾನ್ರ, ನಿಮ್ಮ ಮನ್ಯಾಗ ಕುರಿ ಎಷ್ಟವ್ರಿ?" ಅಂತ ಕೇಳಿದ. ನಿಂಬೆವ್ವ ತಾನೇ ಹೇಳಾಕ ಬಾಯಿ ತಗದ್ಲು. ಅಂವ ಕೈ ಎತ್ತಿ ಸುಮ್ಮನಾಗಿಸಿದ. ಒಂದು ಹಿಂಡು ಮಂದಿ ಮಿಂದು ಹತ್ತಿ ಹೋದ್ರು. ಇನ್ನೊಂದು ಹಿಂಡು ಇಳೀತು. ನಿಂಬೆವ್ವ ಕಾಲು ಬದಲಿಸಿ ನಿಂತ್ಲು, ಸೆರಗು ಸರಿ ಮಾಡಿದ್ಲು, ಇನ್ನ ಇಲ್ಲಾ ಅಂತ ಕೈ ಚೆಲ್ಲಿದ್ಲು.

"ನೂರಾ... ನಲವತ್ತಮೂರು," ಅಂದ ಚಂದಪ್ಪ. ದನಿ ಹತ್ತಿಯಂಗ ಮೆತ್ತಗಿತ್ತು. ಮತ್ತೂ ಒಂದೀಟು ತಡದು, "ಎಂಟು... ಗಬ್ಬ ಅವ," ಅಂದ.

ಲೆಕ್ಕ ಸರಿ ಇತ್ತು. ಎಂಟು ಗಬ್ಬ ಇದ್ದದ್ದು ನಿಂಬೆವ್ವಗೇ ಗೊತ್ತಿದ್ದಿಲ್ಲ.

"ಬುದ್ಧಿ ಖಡಕ್ ಅದ," ಅಂದ ಡಾಕ್ಟರ್. "ಎಲ್ಲಾ ತಿಳಿತದ, ಎಲ್ಲಾ ಕೇಳಸ್ತದ. ಮಾತು ಹೊರಗ ಬರಾಕ ಹೊತ್ತು ಹಿಡಿತದ. ಅಷ್ಟು ಹೊತ್ತು ಯಾರೂ ನಿಲ್ಲಂಗಿಲ್ಲ."

ನಿಂಬೆವ್ವ ಪಾವಟಿಗಿ ಮ್ಯಾಲ ಕುಂತುಬಿಟ್ಲು. ನಾಕು ವರ್ಷ ಅವನ ಮುಂದ ಕುಂತು ಏನೇನಂದಿದ್ಲು, ಒಂದೊಂದೇ ನೆನಪಾಗಾಕ ಹತ್ತಿತು. ಈ ಹೆಣಾ ಹೊತ್ತು ಸಾಕಾಗೇದ ಅಂದಿದ್ಲು. ಮಾನಮೋಡ್ಯಾಗೇ ಹೋಗಿದ್ರ ನನ್ನ ಬಾಳೇವು ಬ್ಯಾರೆ ಆಗ್ತಿತ್ತು ಅಂತ ಒಮ್ಮೆ, ಕೊಟ್ಟ ಊರಿಂದ ಬಂದ ಮಗಳ ಮುಂದ ಅಂದಿದ್ಲು, ಅಂವ ಬಾಜೂಕ ಇದ್ದ. ಗಿಡದ ಬೊಡ್ಡಿ ಮುಂದ ಮಾತಾಡಿದಂಗ ಮಾತಾಡಿದ್ಲು.

"ಎಲ್ಲಾ ಕೇಳಸ್ತಿತ್ತೇನ್ರಿ ನಿಮಗ?" ಅಂದ್ಲು.

ಮೊದಲನೇ ಸಲ ಆಕಿ ಕಾದ್ಲು. ಡಾಕ್ಟರ್ ಎದ್ದು ತನ್ನ ಮೇಜಿಗೆ ಹೋದ, ಹತ್ತು ಮಂದಿಗೆ ಸೂಜಿ ಚುಚ್ಚಿದ. ಆಕಿ ಗಂಡನ ಬಾಯಿ ನೋಡ್ಕೋತ ಕುಂತಿದ್ಲು.

"ಹೂಂ," ಅಂದ ಚಂದಪ್ಪ.

ಆಕಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ಲು. ಸಂಗಮದಾಗ ಅಳೋರು ಬಾಳ ಮಂದಿ ಇರ್ತಾರ, ಯಾರೂ ತಿರುಗಿ ನೋಡಲಿಲ್ಲ. ಬರೋ ಮುಂದ ಡಾಕ್ಟರ್ ಒಂದು ಶೀಷೆದಾಗ ಕಹಿ ಔಷಧ ಕೊಟ್ಟ. ಮೈ ಬಿಗಿ ಸ್ವಲ್ಪ ಸಡಿಲ ಆಗ್ತದ, ಜೊಲ್ಲು ಕಮ್ಮಿ ಆಗ್ತದ, ಬ್ಯಾನಿ ಹೋಗಂಗಿಲ್ಲ ಅಂದ. ದೈವಕ್ಕ ತೋರಸಾಕ ಉರ್ದುದಾಗ ಒಂದು ಚೀಟಿನೂ ಬರದು ಕೊಟ್ಟ.

ಪಾಡ್ಯಾ ದಿನ ಮುಂಜಾನಿ ಗುಡಿ ಅಂಗಳದಾಗ ದೈವ ಕೂಡಿತು. ಗಂಡಸರು ಒಂದು ಕಡಿ, ಹಬ್ಬದ ಎಡಿ ಹಿಡಕೊಂಡು ಬಂದ ಹೆಂಗಸರು ಒಂದು ಕಡಿ. ನಿಂಬೆವ್ವ ಚೀಟಿ ಕೊಟ್ಲು. ಬೀರಣ್ಣ ಅದನ್ನ ಹೊಳ್ಳಿಸಿ ಮಳ್ಳಿಸಿ ನೋಡಿ, "ಉರ್ದು ಓದಾಕ ಬೀರಪ್ಪಗ ಯಾರು ಕಲಿಸ್ಯಾರ?" ಅಂದ. ಮಂದಿ ನಕ್ಕರು. ಮಾಳಿಂಗಜ್ಜ ಚೀಟಿ ಮಡಚಿ ಆಕಿ ಕೈಯಾಗೇ ಕೊಟ್ಟ. "ಕಾಗದ ಸರ್ಕಾರದ್ದವ್ವಾ. ಇಲ್ಲಿ ಭಂಡಾರ ಅಷ್ಟ ನಡಿತದ," ಅಂದ.

ಅಲ್ಲಿ ಪದ್ಧತಿ ಹಿಂಗಿತ್ತು. ತಾಟಿನ್ಯಾಗ ದೇವರ ಅರಿಷಿಣ ಭಂಡಾರ, ಅದರ ಬಾಜೂಕ ಒಂದು ಕರ್ಪೂರ. ಆಣಿ ಮಾಡಾಂವ ಆ ಕರ್ಪೂರ ಉರಿಯೂದ್ರಾಗ ತನ್ನ ಕೈಲೆ ಭಂಡಾರ ತಗೊಂಡು ಹಣಿಗೆ ಹಚ್ಚಿ ಮಾತು ಹೇಳಬೇಕು. ಯಾರೂ ಅವನ್ನ ಮುಟ್ಟಬಾರದು. ಕರ್ಪೂರ ಆರೂತನಕ ಕೈ ಏಳಲಿಲ್ಲಂದ್ರ ಅಂವ ಸುಳ್ಳ ಮನಷ್ಯಾ, ದೇವರಿಗೆ ಅಂಜಿ ಹಿಂದ ಸರದಾನಂತ ಲೆಕ್ಕ. ಖರೇ ಹೇಳಾವಗ ತಡ ಯಾಕ ಬೇಕು, ಅಂತ ಹಿರ್ಯಾರು ಮಾಡಿಟ್ಟದ್ದು. ಚಂದಪ್ಪನಂಥಾಂವ ಒಬ್ಬ ಬಂದು ಆ ತಾಟಿನ ಮುಂದ ಕುಂತಾನು ಅಂತ ಆ ಹಿರ್ಯಾರಿಗೆ ಕನಸರೆ ಬಿದ್ದಿತ್ತೇನು?

ಮಾಳಿಂಗಜ್ಜ ಕರ್ಪೂರ ಹಚ್ಚಿದ. "ಚಂದಪ್ಪಾ, ನಿನ್ನ ಮೈಯಾಗಿಂದು ಖರೇ ಬ್ಯಾನಿಯೋ, ಬರೇ ನಾಟಕೋ? ಭಂಡಾರ ಮುಟ್ಟಿ ಹೇಳು."

ಚಂದಪ್ಪನ ಕೈ ಮೊಣಕಾಲ ಮ್ಯಾಲಿತ್ತು, ನಡಗಾಕತ್ತಿತ್ತು. ಕರ್ಪೂರ ಅರ್ಧಾತು. ಕೈ ಅಲ್ಲೇ ಇತ್ತು. ಉರಿ ತಾಟಿಗೆ ಹತ್ತಿ ಸಣ್ಣ ಆತು. ಬೀರಣ್ಣ ಎದ್ದು ಟವಲು ಝಾಡಿಸಿ ಹೆಗಲಿಗೆ ಹಾಕ್ಕೊಂಡ, ಇನ್ನ ಮುಗೀತು ಅನ್ನೋಹಂಗ.

ನಿಂಬೆವ್ವ ಹೆಂಗಸರ ನಡುವಿಂದ ಎದ್ದು ಬಂದ್ಲು. ಎಡಿ ಜೋಡಿ ತಂದ ಕರ್ಪೂರ ಸೆರಗಿನ ಗಂಟಿನ್ಯಾಗಿತ್ತು. ಬಿಚ್ಚಿ, ಆರಾಕ ಬಂದ ಉರಿ ಮ್ಯಾಲ ಒಂದು ಇಟ್ಲು. ಉರಿ ಎದ್ದಿತು.

"ಏನಿದು ಹೊಸಾ ಪದ್ಧತಿ?" ಅಂದ ಬೀರಣ್ಣ.

"ನಾ ಅವರನ್ನ ಮುಟ್ಟಿಲ್ಲ ಬಾವಾ. ಕರ್ಪೂರ ಎಷ್ಟು ಇಡಬೇಕಂತ ಯಾರರೆ ಹೇಳ್ಯಾರೇನು?"

ಎಲ್ಲಾರೂ ಮಾಳಿಂಗಜ್ಜನ ಮಾರಿ ನೋಡಿದ್ರು. ಅಂವ ಗಡ್ಡ ಕೆರಕೊಂಡ. "ಎಷ್ಟು ಅಂತ ನಮ್ಮಪ್ಪ ಏನೂ ಹೇಳಿಲ್ಲಪಾ," ಅಂದ. ಬೀರಣ್ಣ ಕುಂತ.

ನಿಂಬೆವ್ವ ತಾಟಿನ ಬಾಜೂಕ ಕುಂತು ಮಂದಿಗೆ ಹೇಳಿದ್ಲು. "ಹೊಳಿದಂಡ್ಯಾಗ ನಾಟಕ ಅಂದಾಕಿ ನಾನು. ತಿಳಿಲಾರದ ಅಂದೆ. ಇದು ಮಾನಮೋಡಿ ಬ್ಯಾನಿ. ಆ ವರ್ಷ ಬಂದದ್ದು ಇವರನ್ನ ಬಿಟ್ಟು ಹೋಗಿಲ್ಲ, ಮೈಯಾಗ ಕುಂತು ಇಷ್ಟು ವರ್ಷ ತಿಂದದ. ಉತ್ರ ಹೇಳ್ತಾರ. ತಡಾ ಆಗ್ತದ ಅಷ್ಟ. ನಾ ನಾಕು ವರ್ಷ ಕಾಯಲಿಲ್ಲ, ನೀವು ಒಂದು ಗಳಿಗಿ ಕಾಯ್ರಿ."

ಮಾನಮೋಡಿ ಅಂದಕೂಡ್ಲೆ ಗುಸುಗುಸು ನಿಂತಿತು. ಆ ಅಂಗಳದಾಗ ಆ ವರ್ಷ ಹೆಣ ಹೊರಲಾರದ ಮನಿ ಒಂದೂ ಇದ್ದಿಲ್ಲ. ಮಾಳಿಂಗಜ್ಜ ಇಬ್ಬರು ಗಂಡುಮಕ್ಕಳನ್ನ ಒಂದೇ ಕುಣ್ಯಾಗ ಇಟ್ಟಿದ್ದ. ಅಂವ ನೆಲ ನೋಡ್ಕೋತ ಕುಂತ.

ಎರಡನೇ ಕರ್ಪೂರ ಮುಗೀತು, ಮೂರನೇದು ಇಟ್ಲು. ಚಂದಪ್ಪನ ಕೈ ಮೊಣಕಾಲ ಬಿಟ್ಟು ನಾಕು ಬೆರಳು ಎದ್ದಿತು, ಮತ್ತ ಅಲ್ಲೇ ನಿಂತಿತು. ನಾಕನೇದು ಇಟ್ಲು. ಗಂಟು ತಡವಿದ್ಲು, ಏನೂ ಉಳಿದಿದ್ದಿಲ್ಲ. ಉರಿ ಕುಗ್ಗಾಕ ಹತ್ತಿತು. ನಿಂಬೆವ್ವನ ಕಣ್ಣು ಉರಿ ಬಿಟ್ಟು ಕೈಗೆ, ಕೈ ಬಿಟ್ಟು ಉರಿಗೆ ಓಡಾಡಿತು. ಗಂಡನ್ನ ಜಗ್ಗಿ ಆ ಕೈ ಭಂಡಾರಕ್ಕ ಒತ್ತಬೇಕನಿಸ್ತು. ಮುಟ್ಟಿದ್ರ ಎಲ್ಲಾ ಹೋತು. ಆಕಿ ಎರಡೂ ಕೈ ಬಗಲಾಗ ಒತ್ತಿಕೊಂಡು ಕುಂತ್ಲು.

ಬಾಜೂಕ ಬಳಿ ಸಪ್ಪಳಾತು. ಬಾಳಮ್ಮ ಕುಂತಿದ್ಲು. ತನ್ನ ಸೆರಗಿನ ಗಂಟು ಹಲ್ಲಿಲೆ ಬಿಚ್ಚಿ ಇದ್ದ ಕರ್ಪೂರ ಎಲ್ಲಾ ಉರಿ ಮ್ಯಾಲ ಸುರುವಿದ್ಲು. ಗಂಡನ ಕಡಿ ನೋಡಲಿಲ್ಲ.

"ನನ್ನ ಕೂಸನ್ನೂ ಅದೇ ತಿಂತು," ಅಂದ್ಲು, ಯಾರಿಗೆ ಅಂತಿಲ್ಲ. "ಮೈದುನ ಹೇಳೂತನಕ ನಾನೂ ಕುಂದರ್ತೇನಿ."

ಆಮ್ಯಾಲ ಒಬ್ಬೊಬ್ಬಾಕಿನೇ ಎದ್ದು ಬಂದು ತಂದದ್ದು ತಾಟಿನ್ಯಾಗ ಇಟ್ಟು ಹೋದ್ಲು. ಉರಿ ಮೊಳದುದ್ದ ಎದ್ದಿತು. ಬಿಸಲು ಗುಡಿ ನೆಳ್ಳ ದಾಟಿ ಗಂಡಸರ ಕಾಲಿಗೆ ಬಂತು. ಚಂದಪ್ಪನ ಕೈ ಗಾಳಿಯಾಗ ನಡಗ್ಕೋತ, ನಿಂತ್ಕೋತ, ತಾಟಿನ ತನಕ ಬಂತು. ಬೆರಳು ಅರಿಷಿಣದಾಗ ಮುಳುಗಿದ್ವು. ಎತ್ತಿ ಹಣಿಗೆ ಹಚ್ಚಿದ. ಹಣಿಗೆ ಹತ್ತಿದ್ದು ಅರ್ಧ, ಹುಬ್ಬಿಗೆ ಹತ್ತಿದ್ದು ಅರ್ಧ.

"ನಾಟಕ... ಅಲ್ಲ," ಅಂದ.

ಮಾಳಿಂಗಜ್ಜ ಭಂಡಾರದ ತಾಟಿಗೆ ಕೈ ಮುಗದ. "ಕೇಳಿದ್ರಲ್ಲಪಾ. ಇಂವ ಜೇವರ್ಗಿಗೆ ಹೋಗಂಗಿಲ್ಲ. ಒಲಿ ಒಂದೇ ಇರ್ತದ."

ಬೀರಣ್ಣಗ ಮಂದಿ ಮುಂದ ಸೋತಂಗಾಗಿ ಮಾರಿ ಕಪ್ಪಿಟ್ಟಿತ್ತು. "ಆತು, ನಾ ಹೋಗ್ತೇನಿ ಕುರಿ ಹಿಂದ. ಮತ್ತ ಗಂಡನ್ನ ಊರ ತುಂಬ ಸುಳ್ಳ ಮಾಡಿದಾಕಿಗೆ ಏನು? ಅದಕ್ಕೂ ಪದ್ಧತಿ ಅದನಲ್ಲ."

ಪದ್ಧತಿ ಇತ್ತು. ಸುಳ್ಳ ಮಾತು ಹೊರಿಸಿಕೊಂಡಾಂವ ಏನು ಶಿಕ್ಷಾ ಹೇಳ್ತಾನೋ ಅದು ದೈವಕ್ಕ ಕಬೂಲ. ತವರಿಗೆ ಕಳಸ್ರಿ ಅಂದ್ರ ಕಳಸಬೇಕು, ಮನಿ ಒಲಿ ಮುಟ್ಟಬಾರದಂದ್ರ ಮುಟ್ಟಬಾರದು. ನಿಂಬೆವ್ವ ತಲಿ ಬಗ್ಗಿಸಿ ಕುಂತ್ಲು. ಏನು ಹೇಳಿದ್ರೂ ಆಕಿ ಮನಸ್ಸಿನ್ಯಾಗ ಎದುರು ಮಾತಿದ್ದಿಲ್ಲ. ಅಂದದ್ದೆಲ್ಲ ಅಂವ ಕೇಳ್ಯಾನ, ಹೂಂ ಅಂದಾನ.

"ಚಂದಪ್ಪಾ," ಅಂದ ಮಾಳಿಂಗಜ್ಜ, "ಇಕಿಗೆ ಏನು ಶಿಕ್ಷಾ?"

ಈ ಸಲ ಕಾಯ್ರಿ ಅಂತ ಯಾರಿಗೂ ಹೇಳಬೇಕಾಗಲಿಲ್ಲ. ಗಂಡಸರು ಬೀಡಿ ಸೇದಲಿಲ್ಲ. ಒಂದು ಕೂಸು ಅತ್ತಿತು, ತಾಯಿ ಮೊಲಿ ಬಾಯಿಗಿಟ್ಟು ಸುಮ್ಮನಾಗಿಸಿದ್ಲು. ಉರಿ ತಾನೇ ಆರಿತು. ಬೀರಣ್ಣನೂ ಕಾದ.

ಚಂದಪ್ಪನ ತುಟಿ ಅಲುಗಾಡಿದ್ವು.

"ಬ್ಯಾಡಪಾ... ದಿನಾ... ಇಕಿ ಕೈಲೆ... ಉಣಾಂವ ನಾ."

ಮೊದಲು ಮಾಳಿಂಗಜ್ಜನ ಹೊಟ್ಟಿ ಕುಲುಕಿತು, ಆಮ್ಯಾಲ ಅಂಗಳವೆಲ್ಲ ನಕ್ಕಿತು. ಬೀರಣ್ಣ ಸುದ್ದಾ ಟವಲು ಬಾಯಿಗೆ ಅಡ್ಡ ಹಿಡದ. ನಿಂಬೆವ್ವ ನಕ್ಕಳೋ ಅತ್ತಳೋ ಆಕಿಗೇ ಗೊತ್ತಿಲ್ಲ. ಚಂದಪ್ಪನ ಮಾರಿ ಮಾತ್ರ ಮೊದಲು ಹ್ಯಾಂಗಿತ್ತೋ ಹಂಗೇ ಇತ್ತು. ಎಲ್ಲಾರೂ ನಗಾಕ ಹತ್ತಿದಾಗ ಅಂವ ಒಬ್ಬನೇ ನಗದೆ ಕುಂತಿದ್ದ.

ದೈವ ಎದ್ದಿತು. ಎಡಿ ಹಂಚಿದ್ರು, ಮಂದಿ ಉಣ್ಣಾಕ ಮನಿಗೆ ಹೋದ್ರು. ಬಾಳಮ್ಮ ಹೋಗೋ ಮುಂದ, "ಹೋಳಿಗಿ ಮಾಡೀನಿ, ಲಗೂ ಬರ್ರಿ," ಅಂದ್ಲು. ನಿಂಬೆವ್ವ ಗಂಡನ ಎದುರಿಗೆ ಕುಂತು ಸೆರಗಿನ ತುದೀಲೆ ಅವನ ಹುಬ್ಬಿನ ಅರಿಷಿಣ ಒರಸಾಕ ಹತ್ತಿದ್ಲು. ಒರಸಿ ಮುಗಿದ ಮ್ಯಾಲೂ ಏಳಲಿಲ್ಲ. ಅಂಗಳದಾಗ ಯಾರೂ ಉಳಿದಿದ್ದಿಲ್ಲ.

ಆಗ ಚಂದಪ್ಪನ ಬಾಯಿ ಒಂದು ಕಡಿ ಸಣ್ಣಗ ಎದ್ದಿತು. ಅಷ್ಟು ಹೊತ್ತಿನ ಹಿಂದ ಹೊಂಟ ನಗಿ ಈಗ ಬಂದು ಮುಟ್ಟಿತ್ತು. ನಿಂಬೆವ್ವ ಅದು ಪೂರಾ ಬರೂತನಕ ನೋಡಿದ್ಲು, ಬಂದು ಹೋಗೂತನಕ ನೋಡಿದ್ಲು.

"ಏಳ್ರಿ, ಮನಿಗೆ ಹೋಗೂನು," ಅಂದ್ಲು. ಅಂದು, ಅಂವ ಏಳೂತನಕ ಅಲ್ಲೇ ಕುಂತ್ಲು.